ಕೋಲಾರ ನಗರಸಭೆ ಬಜೆಟ್: ಹೊಸದು ಕೇಳುವ ಮೊದಲು ಇರುವುದನ್ನು ಉಳಿಸಿಕೊಳ್ಳೋಣ, ಮನವಿ ಬರೆಯಲು ಜೊತೆಯಾಗಿ

ಕ್ಲಾಕ್ ಟವರ್ ಜೆರಾಕ್ಸ್ · ಭಾನುವಾರ, ರಾತ್ರಿ 8:40

ಎಲ್ಲರಿಗೂ ನಮಸ್ಕಾರ. ನಗರಸಭೆ ಬಜೆಟ್ ಮಂಡಿಸುವ ಮೊದಲು ಪೂರ್ವಭಾವಿ ಸಭೆ ಅಂತ ಕರೆಯುತ್ತಾರಲ್ಲ, ಅದಕ್ಕೆ ಈ ಸಲ ಹೋಗಬೇಕು ಅಂದುಕೊಂಡಿದ್ದೇನೆ. ಸಾರ್ವಜನಿಕರು ಯಾರು ಬೇಕಾದರೂ ಸಲಹೆ ಕೊಡಬಹುದು. ಬರಿಗೈಯಲ್ಲಿ ಹೋಗೋದು ಬೇಡ, ನಾಲ್ಕು ಜನ ಸೇರಿ ಒಂದು ಮನವಿ ಬರೆದುಕೊಂಡು ಹೋಗೋಣ.

ಮನವಿ ಪತ್ರ ಟೈಪ್ ಮಾಡಿಸಲು ಜನ ನನ್ನ ಅಂಗಡಿಗೆ ಬರುತ್ತಾರೆ. ಎಷ್ಟೋ ವರ್ಷದಿಂದ ಟೈಪ್ ಮಾಡಿದ್ದೇನೆ. ನಮ್ಮ ವೃತ್ತಕ್ಕೆ ಪುತ್ಥಳಿ ಬೇಕು. ನಮ್ಮ ರಸ್ತೆಗೆ ಕಮಾನು ಬೇಕು. ಪಾರ್ಕಿಗೆ ಜಿಮ್ ಸಾಮಾನು ಬೇಕು. ಇರುವ ಮೋಟಾರ್ ಕೆಟ್ಟರೆ ರಿಪೇರಿಗೆ ದುಡ್ಡು ಎತ್ತಿಡಿ ಅಂತ ಒಬ್ಬರೂ ಬರೆಸಿದ್ದಿಲ್ಲ. ನನಗೂ ಹೊಳೆದಿರಲಿಲ್ಲ.

ಹೋದ ಬೇಸಿಗೆಯಲ್ಲಿ ಅಕ್ಕನ ಮನೆಗೆ ಹೋಗಿದ್ದೆ. ಊರಿನ ಹೆಸರು ಬೇಡ. ಅವರ ಬೀದಿಗೆ ನೀರು ಕೊಡುವ ಬೋರ್‌ವೆಲ್ ಮೋಟಾರ್ ಸುಟ್ಟು ಹೋಗಿತ್ತು. ಕೇಳಿದರೆ, ರಿಪೇರಿ ಲೆಕ್ಕದಲ್ಲಿ ಹಣ ಮುಗಿದಿದೆ, ಏಪ್ರಿಲ್ ಬರಲಿ ಅಂದರಂತೆ. ಹನ್ನೊಂದು ದಿನ ನಲ್ಲಿ ಒಣಗಿತ್ತು. ನಮ್ಮ ಭಾವನಿಗೆ 68 ವರ್ಷ, ಮಂಡಿ ನೋವು. ಬೆಳಿಗ್ಗೆ ಎದ್ದು ಎರಡು ಬೀದಿ ಆಚೆಯಿಂದ ಎರಡೆರಡು ಕೊಡ ಹೊತ್ತು ತರುತ್ತಿದ್ದರು. ಅದೇ ವಾರ ಊರ ಬಾಗಿಲಲ್ಲಿ ಹೊಸ ಸ್ವಾಗತ ಕಮಾನಿಗೆ ಬಣ್ಣ ಬಳಿಯುತ್ತಿದ್ದರು. ಅದಕ್ಕೆ ದುಡ್ಡಿದೆ, ಇದಕ್ಕೆ ಯಾಕಿಲ್ಲ ಅಂತ ಅಕ್ಕ ನನ್ನನ್ನು ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ನೀರಿನ ಕಷ್ಟ ಕೋಲಾರದವರಿಗೆ ಹೇಳಿಕೊಡಬೇಕಿಲ್ಲ. ವರ್ಷವಿಡೀ ಹರಿಯುವ ಹೊಳೆ ನಮಗಿಲ್ಲ. 2018ರಲ್ಲಿ ಕೆ.ಸಿ. ವ್ಯಾಲಿ ನೀರು, ಅಂದರೆ ಬೆಂಗಳೂರಿನ ಕೊಳಚೆಯನ್ನು ಸಂಸ್ಕರಿಸಿ ಕಳಿಸುವ ನೀರು, ಕೆರೆಗಳಿಗೆ ಬಂತು, ಅದು ಅಂತರ್ಜಲಕ್ಕೆ, ಕುಡಿಯೋಕಲ್ಲ. 2023ರ ನವೆಂಬರ್‌ನಲ್ಲಿ ಯರಗೋಳ್ ಅಣೆಕಟ್ಟು ಉದ್ಘಾಟನೆ ಆಯಿತು. ಮಾರ್ಕಂಡೇಯ ನದಿಯ ನೀರು ಕೋಲಾರ, ಬಂಗಾರಪೇಟೆ, ಮಾಲೂರಿಗೆ ಅಂತ ಮಾಡಿದ್ದು. ಎಷ್ಟು ವರ್ಷ ಕಾದಿದ್ದೆವು, ಗೊತ್ತಲ್ಲ. ಆದರೆ ಅಣೆಕಟ್ಟು ಕಟ್ಟಿದ ಮಾತ್ರಕ್ಕೆ ನೀರು ತಾನಾಗಿ ಅಡುಗೆ ಮನೆಗೆ ಬರಲ್ಲ. ಊರೊಳಗೆ ಪಂಪ್ ಮಾಡುವ ಕರೆಂಟು, ಸೋರುವ ಪೈಪು, ಸವೆದ ವಾಲ್ವ್, ನೀರು ಬಿಡುವ ಮನುಷ್ಯನ ಕೂಲಿ, ಇವೆಲ್ಲ ಪ್ರತಿ ದಿನದ ಖರ್ಚು.

ನನ್ನ ಮನಸ್ಸಿನಲ್ಲಿರುವ ಬೇಡಿಕೆ ಒಂದೇ. ಹೊಸ ಕಾಮಗಾರಿಗೆ ಹಣ ಹಂಚುವ ಮೊದಲು ನೀರು, ಕಸ, ಚರಂಡಿ, ಬೀದಿದೀಪಗಳ ನಿರ್ವಹಣೆಗೆ ಎಷ್ಟು ಬೇಕೋ ಅಷ್ಟನ್ನು ಎತ್ತಿಡಿ ಅಂತ. ತಪ್ಪಿದ್ದರೆ ತಿದ್ದಿ. ಬಜೆಟ್ ಪುಸ್ತಕ ಓದಲು ಬರುವವರು ಯಾರಾದರೂ ಇದ್ದರೆ ದಯವಿಟ್ಟು ಮಾತಾಡಿ.


ಗೌರಿಪೇಟೆ ಅಕ್ಕ · ರಾತ್ರಿ 9:05

ಅಣ್ಣಾ, ಒಳ್ಳೆ ಕೆಲಸ. ನನ್ನದೂ ಒಂದು ಸಹಿ ಇರಲಿ.

ನಾವು ಮದುವೆಯಾಗಿ ಈ ಊರಿಗೆ ಬಂದಾಗಿನಿಂದ ನೀರು ಬಂದ ದಿನವೇ ನಮಗೆ ಹಬ್ಬ. ಡ್ರಮ್ಮು, ಬಿಂದಿಗೆ, ಕೊನೆಗೆ ಒಗ್ಗರಣೆ ಪಾತ್ರೆಯೂ ತುಂಬಿಸುತ್ತೇವೆ. ನೀರು ಬರದ ವಾರ ನಾಲ್ಕು ಮನೆ ಸೇರಿ ಒಂದು ಟ್ಯಾಂಕರ್ ಹಾಕಿಸುತ್ತೇವೆ. ಟ್ಯಾಂಕರಿಗೆ 600 ರೂಪಾಯಿ, ಮನೆಗೆ 150 ಬೀಳುತ್ತೆ. ತಿಂಗಳಲ್ಲಿ ನಾಲ್ಕು ಸಲ ಹಾಕಿಸಿದರೆ 600 ಆಯಿತು. ನನ್ನ ಮಗಳ ಸ್ಕೂಲ್ ಬಸ್ಸಿಗೂ ಅಷ್ಟೇ ಕೊಡೋದು. ಬಜೆಟ್ಟು ಗಿಜೆಟ್ಟು ನನಗೆ ಗೊತ್ತಾಗಲ್ಲ. ಆದರೆ ರಿಪೇರಿ ನಿಂತರೆ ಅದರ ಬಿಲ್ಲು ನಮ್ಮ ಮನೆಗೇ ಬರುತ್ತೆ ಅನ್ನೋದು ಚೆನ್ನಾಗಿ ಗೊತ್ತು.


ಬೆಂಗಳೂರಲ್ಲಿರೋ ಕೋಲಾರದವ · ರಾತ್ರಿ 9:22

ಇಷ್ಟು ತಲೆ ಕೆಡಿಸಿಕೊಳ್ಳೋದು ಯಾಕೆ? ನೀರು, ಕಸ ಎಲ್ಲಾ ಖಾಸಗಿಯವರಿಗೆ ಕೊಟ್ಟುಬಿಡಲಿ. ದುಡ್ಡು ಕಟ್ಟೋಣ, ಸರ್ವಿಸ್ ಸಿಗುತ್ತೆ.


ಗೌರಿಪೇಟೆ ಅಕ್ಕ · ರಾತ್ರಿ 9:25

ಟ್ಯಾಂಕರ್ ಖಾಸಗಿಯವರದೇ ಅಲ್ವಾ ಅಣ್ಣ? ಏಪ್ರಿಲ್ ತಿಂಗಳಲ್ಲಿ ಅವರ ರೇಟು ಎಷ್ಟಾಗುತ್ತೆ ಅಂತ ಅಮ್ಮನ ಮನೆಗೆ ಫೋನ್ ಮಾಡಿ ಕೇಳಿ.


ಲೆಕ್ಕದ ಮೇಷ್ಟ್ರು · ರಾತ್ರಿ 10:50

ಜೆರಾಕ್ಸ್ ಅಣ್ಣ ಕೇಳಿದ್ದಕ್ಕೆ ಉತ್ತರ ಬರೆಯುತ್ತೇನೆ. ಸ್ವಲ್ಪ ಉದ್ದ ಆಗುತ್ತೆ, ತಾಳ್ಮೆ ಇರಲಿ. ನಾನು 31 ವರ್ಷ ಬೇರೆ ಬೇರೆ ಜಿಲ್ಲೆಗಳ ಪುರಸಭೆ, ನಗರಸಭೆಗಳ ಲೆಕ್ಕ ಶಾಖೆಯಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಹೆಸರು ಪಾಠ ಮೇಷ್ಟ್ರದ್ದಲ್ಲ, ಆಫೀಸಿನ ಹುಡುಗರು ಹಾಗೆ ಕರೆಯುತ್ತಿದ್ದರು.

ಮೊದಲು ಒಟ್ಟು ಮೊತ್ತ ನೋಡಿ ಮೋಸ ಹೋಗಬೇಡಿ. ಇಷ್ಟು ಕೋಟಿಯ ಬಜೆಟ್, ಇಷ್ಟು ಲಕ್ಷ ಉಳಿತಾಯ ಅಂತ ಪೇಪರಿನಲ್ಲಿ ಬರುತ್ತೆ. ಬಜೆಟ್‌ನಲ್ಲಿ ಮೂರು ಭಾಗ ಇರುತ್ತೆ: ರಾಜಸ್ವ ಅಂದರೆ ದಿನನಿತ್ಯದ ಆದಾಯ, ಖರ್ಚು; ಬಂಡವಾಳ ಅಂದರೆ ಹೊಸದು ಕಟ್ಟುವ ಹಣ; ಮೂರನೆಯದು ಅಸಾಧಾರಣ. ಈ ಅಸಾಧಾರಣ ಅನ್ನೋದರಲ್ಲಿ ಬರುವ ಹಣ ಬಹುಪಾಲು ಊರಿನದಲ್ಲ. ಗುತ್ತಿಗೆದಾರರ ಠೇವಣಿ, ಬಿಲ್ಲಿನಲ್ಲಿ ಹಿಡಿದ ತೆರಿಗೆ, ಬೇರೆ ಇಲಾಖೆಗೆ ಕಟ್ಟಬೇಕಾದ ಉಪಕರ. ಒಂದು ಕೈಲಿ ಬಂದು ಇನ್ನೊಂದು ಕೈಲಿ ಹೋಗುತ್ತೆ. ಅದೂ ಸೇರಿ ದೊಡ್ಡ ಮೊತ್ತವಾಗಿ ಕಾಣುತ್ತೆ. ಇನ್ನು ಉಳಿತಾಯ. ಕೊರತೆ ತೋರಿಸಿ ಯಾರೂ ಬಜೆಟ್ ಮಂಡಿಸಲ್ಲ. ಹಾಗಾಗಿ ಉಳಿತಾಯ ಅಂದ ಕೂಡಲೇ ಊರು ಚೆನ್ನಾಗಿದೆ ಅಂತ ತಿಳಿಯಬೇಡಿ.

ಬಂಡವಾಳದ ದುಡ್ಡಿಗೆ ಹಣೆಪಟ್ಟಿ ಇರುತ್ತೆ. ರಾಜ್ಯದ ನಗರೋತ್ಥಾನ ಯೋಜನೆ ಅಂದರೆ ಅದಕ್ಕೇ, ಕೇಂದ್ರದ ಅಮೃತ್ ಯೋಜನೆ ಅಂದರೆ ಅದಕ್ಕೇ. ಪೈಪ್ ಹಾಕಲು ಬಂದ ಹಣದಲ್ಲಿ ಪೈಪ್ ನೋಡಿಕೊಳ್ಳುವವನಿಗೆ ಸಂಬಳ ಕೊಡೋಕಾಗಲ್ಲ. ಕೇಂದ್ರದ 15ನೇ ಹಣಕಾಸು ಆಯೋಗವೂ ನಮ್ಮಂಥ ಊರುಗಳ ಅನುದಾನದಲ್ಲಿ ಶೇ 60ರಷ್ಟನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಅಂತ ಕಟ್ಟಿಹಾಕಿತು. ರಾಜ್ಯ ಹಣಕಾಸು ಆಯೋಗದಿಂದ ಬರೋದು ಮೂರು ಬಗೆ: ವೇತನ, ವಿದ್ಯುತ್, ಮುಕ್ತನಿಧಿ ಅಂದರೆ ಹಣೆಪಟ್ಟಿ ಇಲ್ಲದ ಹಣ. ವೇತನದ ಹಣ ಕಾಯಂ ನೌಕರರಿಗೆ. ವಿದ್ಯುತ್ತಿನದು ಕರೆಂಟ್ ಬಿಲ್ಲಿಗೆ. ಕಮಾನಿಗೆ ಇದ್ದ ದುಡ್ಡು ಮೋಟಾರಿಗೆ ಯಾಕಿಲ್ಲ ಅಂತ ನಿಮ್ಮ ಅಕ್ಕ ಕೇಳಿದರಲ್ಲ, ಅರ್ಧ ಉತ್ತರ ಇದು. ಎರಡೂ ಬೇರೆ ಬೇರೆ ಗಂಟು.

ಉಳಿದ ಅರ್ಧ ಉತ್ತರ ನನಗೆ ನೋವು ಕೊಡುವ ವಿಷಯ, ಯಾಕೆಂದರೆ ನನ್ನ ಕಣ್ಣೆದುರೇ ನಡೆದಿದೆ. ನಾನಿದ್ದ ಒಂದು ಪುರಸಭೆಯಲ್ಲಿ ಬಜೆಟ್ ಸಮಯದಲ್ಲಿ ಆದಾಯವನ್ನು ಏರಿಸಿ ಬರೆಸುತ್ತಿದ್ದರು. ಉದಾಹರಣೆಗೆ ಆಸ್ತಿ ತೆರಿಗೆ ಹಿಂದಿನ ವರ್ಷ 6 ರೂಪಾಯಿ ಬಂದಿದೆ ಅನ್ನಿ. ಮುಂದಿನ ವರ್ಷಕ್ಕೆ 10 ಅಂತ ಬರೆಯೋದು. ನೀರಿನ ಬಾಕಿ ಪೂರ್ತಿ ವಸೂಲಾಗುತ್ತೆ ಅಂತ ಬರೆಯೋದು. ಅಂಗಡಿ ಮಳಿಗೆ ಬಾಡಿಗೆ ಪೂರ್ತಿ ಬರುತ್ತೆ ಅಂತ ಬರೆಯೋದು. ಆ ಬಾರದ ದುಡ್ಡಿನ ಮೇಲೆ ಹೊಸ ಕೆಲಸಗಳಿಗೆ ಮಂಜೂರಾತಿ. ಡಿಸೆಂಬರ್ ಹೊತ್ತಿಗೆ ಬಣ್ಣ ಬಯಲಾಗುತ್ತೆ. ಆಗ ಯಾವುದನ್ನು ನಿಲ್ಲಿಸುತ್ತಾರೆ? ಕಾಯಂ ಸಂಬಳ ನಿಲ್ಲಿಸೋಕಾಗಲ್ಲ. ಕರಾರು ಆದ ಕಾಮಗಾರಿ ನಿಲ್ಲಿಸಿದರೆ ಗುತ್ತಿಗೆದಾರ ಕೋರ್ಟಿಗೆ ಹೋಗುತ್ತಾನೆ. ಅನುದಾನದ ಹಣ ಮುಟ್ಟೋಕಾಗಲ್ಲ. ಉಳಿದಿದ್ದು ರಿಪೇರಿ. ಮೋಟಾರ್ ರಿಪೇರಿ, ಬಲ್ಬು, ಬ್ಲೀಚಿಂಗ್ ಪುಡಿ, ಚರಂಡಿ ಹೂಳು, ಹೊರಗುತ್ತಿಗೆ ಕೂಲಿ. ಅವುಗಳ ಪರವಾಗಿ ಕೋರ್ಟಿಗೆ ಹೋಗುವವರು ಯಾರೂ ಇಲ್ಲ. ಆ ಕಡತಗಳ ಮೇಲೆ 'ಅನುದಾನ ಲಭ್ಯತೆ ನೋಡಿ ಮಂಡಿಸಿ' ಅಂತ ನಾನೇ ಬರೆದಿದ್ದೇನೆ. ಎಷ್ಟು ಸಲ ಅಂತ ಲೆಕ್ಕವಿಲ್ಲ.

ಈಗ ಓದುವ ವಿಧಾನ. ಬಜೆಟ್ ಪುಸ್ತಕದಲ್ಲಿ 'ನೀರು ಸರಬರಾಜು ದುರಸ್ತಿ ಮತ್ತು ನಿರ್ವಹಣೆ' ಅನ್ನೋ ಸಾಲು ಹುಡುಕಿ. ಅಲ್ಲಿ ಬೆರಳಿಟ್ಟು ಅಡ್ಡಕ್ಕೆ ಓದಿ. ಹಿಂದಿನ ವರ್ಷದ ವಾಸ್ತವ, ಈ ವರ್ಷದ ಅಂದಾಜು, ಪರಿಷ್ಕೃತ ಅಂದಾಜು, ಮುಂದಿನ ವರ್ಷದ ಅಂದಾಜು. ಅಂದಾಜಿಗೂ ವಾಸ್ತವಕ್ಕೂ ಅಂತರ ಎಷ್ಟಿದೆ ನೋಡಿ. ಆಮೇಲೆ ಅದೇ ರೀತಿ ಆಸ್ತಿ ತೆರಿಗೆ ಸಾಲು ನೋಡಿ. ಈ ಎರಡು ಸಾಲು ಸಾಕು. ಸಭೆಯಲ್ಲಿ ಈ ಎರಡು ಸಾಲಿನ ಬಗ್ಗೆ ಕೇಳಿದರೆ ಎದುರಿಗೆ ಕೂತವರು ಪೆನ್ನು ಕೆಳಗಿಟ್ಟು ನಿಮ್ಮ ಕಡೆ ನೋಡುತ್ತಾರೆ.


ಕ್ಲಾಕ್ ಟವರ್ ಜೆರಾಕ್ಸ್ · ರಾತ್ರಿ 11:15

ಮೇಷ್ಟ್ರೇ, ನೀವು ಬರೆದಿದ್ದನ್ನು ಎರಡು ಸಲ ಓದಿದೆ. ಪ್ರಿಂಟ್ ತೆಗೆದು ಅಂಗಡಿಯಲ್ಲಿ ಅಂಟಿಸುತ್ತೇನೆ. ಪುಸ್ತಕ ಸಿಗಲಿಲ್ಲ ಅಂದರೆ ಏನು ಮಾಡೋದು?


ಲೆಕ್ಕದ ಮೇಷ್ಟ್ರು · ಸೋಮವಾರ, ಬೆಳಿಗ್ಗೆ 6:30

ಮೊದಲು ಬಾಯಲ್ಲಿ ಕೇಳಿ. ಮಂಡನೆಯಾದ ಬಜೆಟ್ ಗುಟ್ಟಿನ ಕಾಗದ ಅಲ್ಲ. ಕೊಡಲಿಲ್ಲ ಅಂದರೆ ಮಾಹಿತಿ ಹಕ್ಕು ಅರ್ಜಿ. 10 ರೂಪಾಯಿ ಪೋಸ್ಟಲ್ ಆರ್ಡರ್, ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ. 30 ದಿನದಲ್ಲಿ ಉತ್ತರ ಕೊಡಬೇಕು. ನಕಲಿಗೆ ಪುಟಕ್ಕೆ 2 ರೂಪಾಯಿ. ಸಭೆಗೆ ಸಮಯ ಕಮ್ಮಿ ಇರೋದರಿಂದ ಈಗಲೇ ಹಾಕಿಬಿಡಿ.


ಎಂ.ಬಿ. ರಸ್ತೆ ವ್ಯಾಪಾರಿ · ಬೆಳಿಗ್ಗೆ 9:48

ಒಪ್ಪುತ್ತೇನೆ, ಆದರೆ ಒಂದು ಮಾತು. ಆದಾಯ ಕಮ್ಮಿ ಅಂದ ಕೂಡಲೇ ಎಲ್ಲರ ಕಣ್ಣು ಅಂಗಡಿಯವರ ಮೇಲೆ. ಉದ್ದಿಮೆ ಪರವಾನಗಿ, ಬೋರ್ಡಿನ ಶುಲ್ಕ, ಕಸದ ಶುಲ್ಕ, ಕಮರ್ಷಿಯಲ್ ಕಂದಾಯ, ಎಲ್ಲಾ ನಾವು ಕಟ್ಟುತ್ತೇವೆ. ಆನ್‌ಲೈನ್ ಬಂದ ಮೇಲೆ ವ್ಯಾಪಾರ ಹೇಗಿದೆ ಅಂತ ಯಾರೂ ಕೇಳಲ್ಲ. ಮೊದಲು ಸದಸ್ಯರ ಅಧ್ಯಯನ ಪ್ರವಾಸ, ಸನ್ಮಾನ, ಶಾಲು ಹಾರದ ಖರ್ಚು ನಿಲ್ಲಿಸಲಿ. ಆಮೇಲೆ ತೆರಿಗೆ ಮಾತು.


ಲೆಕ್ಕದ ಮೇಷ್ಟ್ರು · ಬೆಳಿಗ್ಗೆ 10:20

ನಿಮ್ಮ ಬೇಸರ ಸರಿ. ಪ್ರವಾಸ ನಿಲ್ಲಿಸಲಿ, ನಾನೂ ಬೇಡ ಅನ್ನಲ್ಲ. ಆದರೆ ಅದರಿಂದ ಉಳಿಯೋದು ಚಿಲ್ಲರೆ. ನಿಜವಾದ ಸೋರಿಕೆ ಮೂರು ಕಡೆ ಇರುತ್ತೆ. ಕಂದಾಯ ಕಟ್ಟದ ಮನೆ, ನಿವೇಶನಗಳು. ನೀರಿನ ಕರದ ಬಾಕಿ, ಅದರ ಜೊತೆ ಲೆಕ್ಕಕ್ಕೇ ಬಾರದ ನಲ್ಲಿಗಳು. ಮೂರನೆಯದು ಊರಿನ ಮಳಿಗೆಗಳು. ರಾಜ್ಯದ ಎಷ್ಟೋ ಊರುಗಳಲ್ಲಿ ಅಪ್ಪನ ಕಾಲದ ಬಾಡಿಗೆಯಲ್ಲೇ ಮಳಿಗೆ ನಡೆಯುತ್ತೆ. 12 ವರ್ಷ ಆದ ಮೇಲೆ ಮರುಹರಾಜು ಆಗಬೇಕು ಅಂತ ನಿಯಮ. ಹರಾಜು ಅಂದ ದಿನ ಕೇಸು ಬೀಳುತ್ತೆ. ಮಳಿಗೆ ಪಡೆದವರು ಒಬ್ಬರು, ಒಳಗೆ ವ್ಯಾಪಾರ ಮಾಡುವವರು ಇನ್ನೊಬ್ಬರು. ಒಳಗಿರುವ ಬಡಪಾಯಿ ಮಾರುಕಟ್ಟೆ ಬಾಡಿಗೆಯನ್ನೇ ಕೊಡುತ್ತಾನೆ, ಅದು ಊರಿಗೆ ಸೇರಲ್ಲ, ಮಧ್ಯದವರಿಗೆ ಸೇರುತ್ತೆ. ನಿಮ್ಮಂಥ ಪ್ರಾಮಾಣಿಕ ವ್ಯಾಪಾರಿಗಳೇ ಇದನ್ನು ಸಭೆಯಲ್ಲಿ ಎತ್ತಬೇಕು.

ತೆರಿಗೆ ಬಗ್ಗೆ ಇನ್ನೊಂದು. ಏಪ್ರಿಲ್‌ನಲ್ಲೇ ಕಟ್ಟಿದರೆ ಶೇ 5 ರಿಯಾಯಿತಿ. ತಡ ಮಾಡಿದರೆ ತಿಂಗಳಿಗೆ ಶೇ 2 ದಂಡ. ಏಪ್ರಿಲ್‌ನಲ್ಲಿ ಕಟ್ಟಿದ ದುಡ್ಡು ಬೇಸಿಗೆಯ ಮೋಟಾರ್ ರಿಪೇರಿಗೆ ಆಗುತ್ತೆ. ಮಾರ್ಚ್ 31ಕ್ಕೆ ಕಟ್ಟಿದ ದುಡ್ಡು ಹಳೆ ಬಿಲ್ಲಿಗೆ ಹೋಗುತ್ತೆ.


ಎಂ.ಬಿ. ರಸ್ತೆ ವ್ಯಾಪಾರಿ · ಬೆಳಿಗ್ಗೆ 10:41

ಒಳಬಾಡಿಗೆ ಮಾತು ನಿಜ. ನಾನು ಶುರುವಿನಲ್ಲಿ ಬೇರೊಂದು ಊರಿನಲ್ಲಿ ಏಳು ವರ್ಷ ಹಾಗೇ ಇದ್ದೆ. ತಿಂಗಳಿಗೆ ಕೊಡುತ್ತಿದ್ದುದು ಎಷ್ಟು, ಅವರು ರಸೀದಿಗೆ ಕಟ್ಟುತ್ತಿದ್ದುದು ಎಷ್ಟು ಅಂತ ಗೊತ್ತಾದ ದಿನ ನಿದ್ದೆ ಬರಲಿಲ್ಲ. ಸಭೆಗೆ ನಾನೂ ಬರುತ್ತೇನೆ.


ಎಫ್‌ಡಿಎ ಓದುತ್ತಿರುವವನು · ಮಧ್ಯಾಹ್ನ 1:10

ಎಲ್ಲರೂ ನೀರು, ಕಸ ಅಂದಿರಿ. ಸರಿ. ಗ್ರಂಥಾಲಯವನ್ನೂ ಸೇರಿಸಿ ಅಂತ ಕೇಳಲು ಬಂದೆ.

ನಮ್ಮ ಮನೆಯದು ಎರಡು ರೂಮು. ಅಜ್ಜಿಗೆ ಟಿ.ವಿ. ಬೇಕು, ತಮ್ಮನಿಗೆ ಹತ್ತನೇ ಕ್ಲಾಸು. ಎಫ್‌ಡಿಎಗೆ, ಅಂದರೆ ಸರ್ಕಾರಿ ಕಚೇರಿಯ ಪ್ರಥಮ ದರ್ಜೆ ಸಹಾಯಕರ ಪರೀಕ್ಷೆಗೆ, ನಾನು ಓದೋದು ಲೈಬ್ರರಿಯಲ್ಲೇ. ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲೇ ಹತ್ತು ಹದಿನೈದು ಜನ ನಿಂತಿರುತ್ತೇವೆ. ಕಿಟಕಿ ಪಕ್ಕದ ಕುರ್ಚಿಗೆ ಯಾರಿಗೂ ಹೇಳದ ಒಂದು ಪೈಪೋಟಿ. ಪೊಲೀಸ್ ಪರೀಕ್ಷೆಗೆ ಓದುವವರು, ಕೆಎಎಸ್ ಓದುವವರು, ಮಾಲೂರು ಕಡೆ ಫ್ಯಾಕ್ಟರಿಯಲ್ಲಿ ನೈಟ್ ಶಿಫ್ಟ್ ಮುಗಿಸಿ ಬಂದು ಮೇಜಿನ ಮೇಲೆ ತಲೆಯಿಟ್ಟು ಹತ್ತು ನಿಮಿಷ ಮಲಗಿ ಆಮೇಲೆ ಓದುವವರು. ಕೋಚಿಂಗ್‌ಗೆ ದುಡ್ಡಿಲ್ಲದವರ ಕೋಚಿಂಗ್ ಸೆಂಟರ್ ಅದು.

ಅಪ್ಪನ ಕಂದಾಯ ರಸೀದಿ ನೋಡಿದೆ. ಮನೆ ತೆರಿಗೆ 2,000 ರೂಪಾಯಿ ಅಂದುಕೊಳ್ಳಿ. ಅದರ ಮೇಲೆ ಆರೋಗ್ಯ ಕರ ಶೇ 15, ಅಂದರೆ 300. ಗ್ರಂಥಾಲಯ ಕರ ಶೇ 6, ಅಂದರೆ 120. ಭಿಕ್ಷುಕರ ಕರ ಶೇ 3, ಅಂದರೆ 60. ಒಟ್ಟು 480. ಅಂದರೆ ಲೈಬ್ರರಿಗೆ ಅಂತ ನಮ್ಮ ಮನೆಯಿಂದಲೇ 120 ರೂಪಾಯಿ ಹೋಗುತ್ತೆ. ಮೇಷ್ಟ್ರು ಹೇಳಿದ ಬೇರೆ ಇಲಾಖೆಗೆ ಕಟ್ಟಬೇಕಾದ ಉಪಕರ ಇದೇ ಅಲ್ವಾ? ಅದು ಪ್ರತಿ ವರ್ಷ ಪೂರ್ತಿ ಲೈಬ್ರರಿಗೆ ಸೇರುತ್ತಾ ಅಂತ ಬಜೆಟ್ ಪುಸ್ತಕದಲ್ಲಿ ಗೊತ್ತಾಗುತ್ತಾ ಸರ್?


ಲೆಕ್ಕದ ಮೇಷ್ಟ್ರು · ಮಧ್ಯಾಹ್ನ 1:55

ಗೊತ್ತಾಗುತ್ತೆ ಕಣಪ್ಪ. ಅಸಾಧಾರಣ ಭಾಗದಲ್ಲಿ ಸ್ವೀಕೃತಿ ಕಡೆ 'ಗ್ರಂಥಾಲಯ ಕರ', ಪಾವತಿ ಕಡೆಯೂ 'ಗ್ರಂಥಾಲಯ ಕರ'. ಎರಡೂ ಕಡೆಯ ವಾಸ್ತವ ಅಂಕಣ ನೋಡು. ಸ್ವೀಕೃತಿ ಜಾಸ್ತಿ, ಪಾವತಿ ಕಮ್ಮಿ ಇದ್ದರೆ ವ್ಯತ್ಯಾಸ ಇನ್ನೂ ಕಟ್ಟಬೇಕಾದ ಬಾಕಿ. ಕೈಯಲ್ಲಿ ದುಡ್ಡಿಲ್ಲದಾಗ ಈ ಉಪಕರವನ್ನು ತಡೆದಿಟ್ಟು ಬೇರೆಯದಕ್ಕೆ ತಿರುಗಿಸೋದು ಹಳೆ ಚಾಳಿ. ನೀನು ಕೇಳಿದ ಪ್ರಶ್ನೆ ನಾನು ಕೆಲಸದಲ್ಲಿದ್ದಾಗ ಒಬ್ಬ ಸಾರ್ವಜನಿಕನೂ ಕೇಳಲಿಲ್ಲ. ಪರೀಕ್ಷೆ ಪಾಸು ಮಾಡಿ ಲೆಕ್ಕ ಶಾಖೆಗೇ ಬಾ.


ಕಾಲೋನಿ ಹುಡುಗ · ಸಂಜೆ 6:32

ಎಲ್ಲಾ ಓದಿದೆ. ಒಳ್ಳೆ ಮನಸ್ಸಿನಿಂದ ಬರೆದಿದ್ದೀರಿ, ಅದರಲ್ಲಿ ಅನುಮಾನ ಇಲ್ಲ. ಆದರೆ ನನ್ನ ಮನಸ್ಸಿಗೆ ಒಂದು ಚುಚ್ಚಿತು, ಹೇಳಿಬಿಡುತ್ತೇನೆ.

'ಹೊಸದು ಬೇಡ, ಇರುವುದನ್ನು ಉಳಿಸಿಕೊಳ್ಳೋಣ' ಅನ್ನುತ್ತೀರಿ. ಇದ್ದವರಿಗೆ ಅದು ಸರಿ. ನಾನು ಹುಟ್ಟಿ ಬೆಳೆದ ಕಾಲೋನಿಯಲ್ಲಿ ಉಳಿಸಿಕೊಳ್ಳಲು ಏನಿತ್ತು? ಊರು ಬೇರೆ, ಈಗ ಕೋಲಾರದಲ್ಲಿದ್ದೇನೆ. ಮುಖ್ಯ ಪೈಪು ನಮ್ಮ ಕಾಲೋನಿ ಬಾಗಿಲ ತನಕ ಬಂದು ಪಕ್ಕಕ್ಕೆ ತಿರುಗಿ ಹೋಗಿತ್ತು. ಕೊನೆಯ ಕಂಬದಲ್ಲಿ ದೀಪ, ಅಲ್ಲಿಂದ ಆಚೆ ಕತ್ತಲು. ಅಮ್ಮ ರಾತ್ರಿ ಕೆಲಸದಿಂದ ಬರುವಾಗ ಆ ಕೊನೆಯ ಕಂಬದ ಹತ್ತಿರ ನಾನು ಟಾರ್ಚ್ ಹಿಡಿದು ನಿಲ್ಲುತ್ತಿದ್ದೆ. ಆರನೇ ಕ್ಲಾಸಿನಿಂದ ಎಸ್ಸೆಸ್ಸೆಲ್ಸಿ ತನಕ ನನ್ನ ಸಂಜೆ ಡ್ಯೂಟಿ ಅದು. ಅಲ್ಲಿ 'ನಿರ್ವಹಣೆ ಮೊದಲು' ಅಂತ ಹೇಳಿದರೆ, ನಿಮಗೆ ಯಾವತ್ತೂ ಇಲ್ಲ ಅಂತ ಹೇಳಿದ ಹಾಗೆ.

ಸ್ವಂತ ಆದಾಯದಲ್ಲಿ ಶೇ 24.10 ಪರಿಶಿಷ್ಟರಿಗೆ, ಶೇ 7.25 ಇತರ ಬಡವರಿಗೆ, ಶೇ 5 ಅಂಗವಿಕಲರಿಗೆ ಅಂತ ಎತ್ತಿಡಬೇಕು. ನಿರ್ವಹಣೆಗೆ ದುಡ್ಡು ಸಾಲದು ಅಂದಾಗ ಮೊದಲು ಕಣ್ಣು ಬೀಳೋದು ಈ ಹಣದ ಮೇಲೆ. 'ಎಲ್ಲರಿಗೂ ಉಪಯೋಗ' ಅಂತ ಹೇಳಿ ದೊಡ್ಡ ರಸ್ತೆಯ ದೀಪಕ್ಕೆ ಹಾಕಿ ಪರಿಶಿಷ್ಟರ ಲೆಕ್ಕಕ್ಕೆ ಬರೆಯಬಹುದು. ನಿಮ್ಮ ಮನವಿ ಅದಕ್ಕೆ ದಾರಿ ಮಾಡಿಕೊಡಬಾರದು.


ಕ್ಲಾಕ್ ಟವರ್ ಜೆರಾಕ್ಸ್ · ಸಂಜೆ 7:20

ತಮ್ಮಾ, ನೀನು ಬರೆದಿದ್ದು ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ನನ್ನ ಬೇಡಿಕೆಯಲ್ಲಿ ಆ ಕೊರತೆ ಇತ್ತು. ನಮ್ಮ ಬೀದಿಯಲ್ಲಿ ನಲ್ಲಿ ಇದೆ ಅಂತ ಊರಿಗೆಲ್ಲ ಇದೆ ಅಂದುಕೊಂಡೆ. ಅಮೃತ್, ನಗರೋತ್ಥಾನ ಅಂತ ಬರುವ ಹೊಸ ಹಣ ಮೊದಲು ಹೋಗಬೇಕಾದದ್ದು ಇನ್ನೂ ಪೈಪು, ದೀಪ, ಚರಂಡಿ ಕಾಣದ ಜಾಗಕ್ಕೆ. ಕಮಾನಿಗಲ್ಲ. ಅದನ್ನು ಮನವಿಯ ಮೊದಲ ಸಾಲು ಮಾಡುತ್ತೇನೆ. ಮೀಸಲು ಹಣದ ಮಾತನ್ನು ನೀನೇ ಬರೆದುಕೊಡು, ನನ್ನ ಮಾತಿನಲ್ಲಿ ಬೇಡ.


ಕಾಲೋನಿ ಹುಡುಗ · ಸಂಜೆ 7:44

ಬರೆದುಕೊಡುತ್ತೇನೆ ಅಣ್ಣ. 'ಶೇ 24.10, 7.25, 5ರ ಹಣದಲ್ಲಿ ಹೋದ ವರ್ಷ ಯಾವ ಯಾವ ಬೀದಿಯಲ್ಲಿ ಏನೇನು ಕೆಲಸ ಆಯಿತು ಅನ್ನುವ ಪಟ್ಟಿಯನ್ನು ಬಜೆಟ್ ಜೊತೆಗೇ ಕೊಡಬೇಕು.' ಇಷ್ಟು ಸಾಕು. ಬೀದಿ ಹೆಸರು ಬರೆದರೆ ಜನರೇ ಹೋಗಿ ನೋಡಿಕೊಂಡು ಬರುತ್ತಾರೆ.


ಬೆಂಗಳೂರಲ್ಲಿರೋ ಕೋಲಾರದವ · ರಾತ್ರಿ 8:15

ಅಕ್ಕ ಹೇಳಿದ ಹಾಗೆ ಅಮ್ಮನಿಗೆ ಫೋನ್ ಮಾಡಿದೆ. ನಿನ್ನೆ ನಾನು ಹಾಗೆ ಬರೆಯಬಾರದಿತ್ತು. ಅಮ್ಮನ ಮನೆ ಕಂದಾಯ ಎರಡು ವರ್ಷದಿಂದ ನಾನೇ ಕಟ್ಟಿರಲಿಲ್ಲ, ಇವತ್ತು ಬಾಕಿ ಸೇರಿಸಿ ಆನ್‌ಲೈನ್‌ನಲ್ಲಿ ಕಟ್ಟಿದೆ. ಮನವಿಗೆ ಅಮ್ಮನ ಸಹಿ ಹಾಕಿಸಬಹುದಾ?


ಗೌರಿಪೇಟೆ ಅಕ್ಕ · ರಾತ್ರಿ 8:21

ಖಂಡಿತ ಅಣ್ಣ. ಯಾವ ಬೀದಿ ಅಂತ ಹೇಳಿ, ಸಹಿ ತರಲು ನಾನೇ ಹೋಗಿಬರುತ್ತೇನೆ. ಅಮ್ಮನ ಹತ್ತಿರ ಕಾಫಿಯೂ ಕುಡಿದು ಬರುತ್ತೇನೆ.


ನೀರು ಬಿಡೋರ ಮನೆಯವರು · ಮಂಗಳವಾರ, ಬೆಳಿಗ್ಗೆ 11:30

ನಮಸ್ತೆ ಸರ್. ನನ್ನ ಮಗಳು ಇದನ್ನು ಓದಿ ಹೇಳಿದಳು, ಅವಳ ಕೈಲೇ ಬರೆಸುತ್ತಿದ್ದೇನೆ. ನಮ್ಮ ಯಜಮಾನರು ನೀರುಗಂಟಿ. ಹೊರಗುತ್ತಿಗೆ.

ನೀರು ಬಿಡೋದು ಅಂದರೆ ನಲ್ಲಿ ತಿರುಗಿಸಿದ ಹಾಗೆ ಅಂತ ಜನ ತಿಳಿದಿದ್ದಾರೆ. ಅವರು ಬೆಳಗಿನ ಜಾವ ಮೂರೂವರೆಗೆ ಏಳುತ್ತಾರೆ. ಸೊಂಟದೆತ್ತರದ ಕಬ್ಬಿಣದ ಕೀಲಿ ಸೈಕಲ್ಲಿಗೆ ಕಟ್ಟಿಕೊಂಡು ಹೋಗುತ್ತಾರೆ. ಯಾವ ವಾಲ್ವ್ ಎಷ್ಟು ಸುತ್ತು ತಿರುಗಿಸಬೇಕು ಅನ್ನೋದು ಎಲ್ಲೂ ಬರೆದಿಲ್ಲ, ಅವರ ಕೈಗೆ ಗೊತ್ತು. ಒಂದು ಸುತ್ತು ಜಾಸ್ತಿ ಆದರೆ ಇಳಿಜಾರಿನ ಮನೆಗಳಿಗೆಲ್ಲ ಹೋಗಿ ಮೇಲಿನ ಮನೆಗೆ ಬರಲ್ಲ. ಮೇಲಿನ ಬೀದಿಯಲ್ಲಿ ಒಬ್ಬ ಅಜ್ಜಿ ಒಬ್ಬರೇ ಇದ್ದಾರೆ. ಅವರ ಬಿಂದಿಗೆ ತುಂಬಿತಾ ಅಂತ ನೋಡಿಯೇ ಇವರು ವಾಲ್ವ್ ಕಟ್ಟೋದು. ಮಳೆ ಬರಲಿ, ಹಬ್ಬ ಇರಲಿ, ರಜ ಇಲ್ಲ. ಯುಗಾದಿ ದಿನ ಎಣ್ಣೆ ಸ್ನಾನಕ್ಕೆ ಊರಿಗೆಲ್ಲ ನೀರು ಬಿಟ್ಟು ಇವರು ಸ್ನಾನ ಮಾಡುವಾಗ ಹನ್ನೆರಡಾಗಿರುತ್ತೆ.

ಸಂಬಳ ಏಜೆನ್ಸಿಯಿಂದ ಬರುತ್ತೆ. ಯಾವ ಏಜೆನ್ಸಿ ಅಂತ ಹೇಳಲ್ಲ. ಒಂದು ಸಲ ಮೂರು ತಿಂಗಳು ತಡ ಆಯಿತು. ಆಗಲೂ ಒಂದು ದಿನ ನೀರು ನಿಲ್ಲಿಸಲಿಲ್ಲ. 'ಜನ ಏನು ಮಾಡಿದ್ದಾರೆ ಪಾಪ' ಅಂದರು. ನಾನು ಕಿವಿ ಓಲೆ ಅಡ ಇಟ್ಟೆ.

2022ರಲ್ಲಿ ಪೌರಕಾರ್ಮಿಕರು ಮುಷ್ಕರ ಮಾಡಿದ ಮೇಲೆ ಕಸ ಗುಡಿಸುವವರನ್ನು ಕಾಯಂ ಮಾಡುವ ಮಾತು ಬಂತು, ತುಂಬ ಸಂತೋಷ ಆಯಿತು, ಅವರು ಪಡೆಯಲೇಬೇಕು. ನೀರು ಬಿಡೋರ, ಕಸದ ಗಾಡಿ ಓಡಿಸೋರ, ಯುಜಿಡಿ ಅಂದರೆ ಒಳಚರಂಡಿ ಕೆಲಸ ಮಾಡೋರ ಸರದಿ ಯಾವಾಗ ಅಂತ ಕಾಯುತ್ತಿದ್ದೇವೆ.


ಲೆಕ್ಕದ ಮೇಷ್ಟ್ರು · ಮಧ್ಯಾಹ್ನ 12:10

ಅಮ್ಮಾ, ನೀವು ಬರೆದಿದ್ದು ಸಭೆಯಲ್ಲಿ ಓದಬೇಕಾದ ಮಾತು. ಬಜೆಟ್‌ನಲ್ಲಿ 'ಹೊರಗುತ್ತಿಗೆ ಸೇವೆ' ಅಂತ ಒಂದೇ ಸಾಲು ಇರುತ್ತೆ. ಅದರ ಹಿಂದೆ ಎಷ್ಟು ಜನ, ಯಾವ ತಿಂಗಳ ತನಕ ಪಾವತಿ ಆಗಿದೆ, ಪಿ.ಎಫ್., ಇ.ಎಸ್.ಐ. ಕಟ್ಟಿದ್ದಾರಾ ಅಂತ ಕಾಣಲ್ಲ.

ಹನ್ನೆರಡು ತಿಂಗಳ ಕೂಲಿಯನ್ನು ವರ್ಷದ ಮೊದಲೇ ಬೇರೆ ಖಾತೆಯಲ್ಲಿ ಎತ್ತಿಡಿ, ಬೇರೆಯದಕ್ಕೆ ಮುಟ್ಟಬೇಡಿ ಅಂತ ಮನವಿಯಲ್ಲಿ ಸ್ಪಷ್ಟವಾಗಿ ಬರೆಯಿರಿ ಅಣ್ಣ. ಇದಕ್ಕೆ ಹೊಸ ಯೋಜನೆ ಬೇಕಿಲ್ಲ, ಬೆಂಗಳೂರಿನ ಒಪ್ಪಿಗೆಯೂ ಬೇಕಿಲ್ಲ. ಮನಸ್ಸು ಮಾಡಿದರೆ ಈ ವರ್ಷವೇ ಆಗುತ್ತೆ. ಇನ್ನೊಂದು ಲೆಕ್ಕವೂ ಇರಲಿ. 2011ರ ಜನಗಣತಿಯಲ್ಲಿ ಕೋಲಾರ ನಗರಕ್ಕೆ 1,38,462 ಜನ. ತಲೆಗೆ ದಿನಕ್ಕೆ 135 ಲೀಟರ್ ಅನ್ನೋದು ನಮ್ಮಂಥ ಊರಿಗೆ ಇಟ್ಟುಕೊಂಡಿರುವ ಅಳತೆ. ಗುಣಿಸಿದರೆ ದಿನಕ್ಕೆ ಸುಮಾರು 1 ಕೋಟಿ 87 ಲಕ್ಷ ಲೀಟರ್. ಜನ ಈಗ ಅದಕ್ಕಿಂತ ಎಷ್ಟೋ ಜಾಸ್ತಿ. ಅಷ್ಟು ನೀರನ್ನು ಬೀದಿ ಬೀದಿಗೆ ಹಂಚಬೇಕಾದವರು ಇಂಥವರು.


ಗೌರಿಪೇಟೆ ಅಕ್ಕ · ಮಧ್ಯಾಹ್ನ 12:36

ಅಕ್ಕಾ, ನಮ್ಮ ಬೀದಿಗೆ ಬರುವವರು ಯಾರು ಅಂತ ಇಷ್ಟು ವರ್ಷ ನಾನು ಒಂದು ದಿನವೂ ಕೇಳಲಿಲ್ಲ. ನಾಳೆ ನೀರಿನ ದಿನ. ಬೇಗ ಎದ್ದು ಕಾಫಿ ಮಾಡಿ ಇಟ್ಟಿರುತ್ತೇನೆ.

ಅಣ್ಣ, ಇನ್ನೊಂದು ವಿಷಯ. ಸಭೆ ಬೆಳಿಗ್ಗೆ 11ಕ್ಕೆ ಇಟ್ಟರೆ ಹೆಂಗಸರು ಬರೋದು ಹೇಗೆ? ಅವತ್ತೇ ನಮ್ಮ ಕಡೆ ನೀರು ಬಂದರೆ ಮುಗಿದೇ ಹೋಯಿತು. 35 ವಾರ್ಡಿನ ಜನಕ್ಕೆ ಒಂದೇ ಸಭೆ ಅಂದರೆ ಯಾರಿಗೆ ಮಾತಾಡಲು ಸಿಗುತ್ತೆ? ಸಂಜೆ ಹೊತ್ತು, ನಾಲ್ಕು ಕಡೆ ಇಡಿ ಅಂತಲೂ ಬರೆಯಿರಿ.


ಕ್ಲಾಕ್ ಟವರ್ ಜೆರಾಕ್ಸ್ · ರಾತ್ರಿ 9:30

ಕರಡು ಸಿದ್ಧವಾಗಿದೆ. ಉದ್ದ ಮಾಡಿಲ್ಲ, ಒಂದೇ ಪುಟ. ಪೈಪು, ದೀಪ, ಚರಂಡಿ ಇಲ್ಲದ ಜಾಗಕ್ಕೆ ಹೊಸ ಹಣ ಮೊದಲು. ನೀರುಗಂಟಿ, ಕಸದ ಗಾಡಿಯವರು, ಯುಜಿಡಿಯವರ ಹನ್ನೆರಡು ತಿಂಗಳ ಕೂಲಿ ಬೇರೆ ಖಾತೆಯಲ್ಲಿ. ಹಿಂದಿನ ಮೂರು ವರ್ಷ ನಿಜವಾಗಿ ಬಂದ ಆದಾಯ ನೋಡಿ ಅಂದಾಜು ಮಾಡಬೇಕು. ನಿರ್ವಹಣೆ ಹಣ ವರ್ಷದ ಮಧ್ಯೆ ಬೇರೆ ಲೆಕ್ಕಕ್ಕೆ ತಿರುಗಿಸಬಾರದು. ಗ್ರಂಥಾಲಯ ಕರ ಬಂದಷ್ಟೂ ಗ್ರಂಥಾಲಯಕ್ಕೆ. ಮೀಸಲು ಹಣದ ಬೀದಿವಾರು ಪಟ್ಟಿ. ಮಳಿಗೆ ಬಾಡಿಗೆ ಬಾಕಿಯ ಪಟ್ಟಿ, ಇದನ್ನು ವ್ಯಾಪಾರಿ ಅಣ್ಣ ಓದುತ್ತಾರೆ. ಸಂಜೆ ಸಭೆ, ನಾಲ್ಕು ಕಡೆ.

ಮಾಹಿತಿ ಹಕ್ಕು ಅರ್ಜಿಯನ್ನು ಇವತ್ತು ಓದುವ ಹುಡುಗನ ಕೈಲಿ ಬರೆಸಿ ಸ್ಪೀಡ್ ಪೋಸ್ಟ್ ಮಾಡಿದೆವು. ಸಹಿ ಹಾಕುವವರು ಬೆಳಿಗ್ಗೆ 9ರಿಂದ ರಾತ್ರಿ 8ರ ತನಕ ಅಂಗಡಿಗೆ ಬನ್ನಿ. ಜೆರಾಕ್ಸ್‌ಗೆ ದುಡ್ಡು ಬೇಡ. ಇನ್ನೇನಾದರೂ ಸೇರಿಸಬೇಕಾ?


ನೀರು ಬಿಡೋರ ಮನೆಯವರು · ಬುಧವಾರ, ಬೆಳಿಗ್ಗೆ 9:50

ಸರ್, ಅಕ್ಕ ಇವತ್ತು ನಿಜವಾಗಿ ಕಾಫಿ ಕೊಟ್ಟರಂತೆ. ಇವರು ಮನೆಗೆ ಬಂದು ಅದನ್ನೇ ಮೂರು ಸಲ ಹೇಳಿದರು.

ಮನವಿಗೆ ಏನಾದರೂ ಸೇರಿಸಬೇಕಾ ಅಂತ ಇವರನ್ನು ಕೇಳಿದೆ. ಸಂಬಳದ ಬಗ್ಗೆ ಹೇಳುತ್ತಾರೆ ಅಂದುಕೊಂಡಿದ್ದೆ. ಅವರು ಹೇಳಿದ್ದು ಬೇರೆ. ವಾಲ್ವ್ ಇರುವ ಗುಂಡಿಗಳಿಗೆ ಮುಚ್ಚಳ ಹಾಕಿಸಬೇಕಂತೆ. ಕತ್ತಲಲ್ಲಿ ಅವರಿಗಾದರೆ ಜಾಗ ಗೊತ್ತು. ಟ್ಯೂಷನ್‌ಗೆ ಬೆಳಗಿನ ಜಾವ ಹೋಗುವ ಮಕ್ಕಳಿಗೆ ಗೊತ್ತಾಗಲ್ಲ, ಕಾಲು ಹೋಗುತ್ತೆ ಅಂದರು. ಎಲ್ಲೆಲ್ಲಿ ಮುಚ್ಚಳ ಇಲ್ಲ ಅಂತ ಮಗಳ ನೋಟ್‌ಬುಕ್ಕಿನಲ್ಲಿ ಬರೆಸಿಟ್ಟಿದ್ದಾರೆ. ಹದಿನೇಳು ಇವೆ. ಸಂಜೆ ಅಂಗಡಿಗೆ ತರಲಾ?


ಕ್ಲಾಕ್ ಟವರ್ ಜೆರಾಕ್ಸ್ · ಬೆಳಿಗ್ಗೆ 9:58

ತನ್ನಿ ಅಮ್ಮ. ಅವರನ್ನೂ ಕರೆದುಕೊಂಡು ಬನ್ನಿ. ಆ ಪಟ್ಟಿಯನ್ನು ಅವರ ಎದುರೇ ಟೈಪ್ ಮಾಡಿ ಮನವಿಗೆ ಲಗತ್ತಿಸುತ್ತೇನೆ. ಮೊದಲ ಸಹಿ ಅವರದೇ ಇರಲಿ.